ಹಾಲಗಡ್ಡೆಯ ಕಾಯಿ

ನನ್ನ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ ಎಂದು ಸರಸಂಬಾ ಊರಿನ ನಮ್ಮ ಮನೆಯವರು ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ. ಆದರೆ ಈಗ ಬರೆಯಲು ಕೂತಿರುವ ಕೆಲಸವನ್ನು ನಾನು ಸಿಟ್ಟಿನಲ್ಲಿ ಮಾಡಲಿಲ್ಲ. ತಣ್ಣಗೆ ಕೂತು, ಯೋಚಿಸಿ, ಓದಿದವನ ಹಾಗೆ ಮಾಡಿದೆ. ಸಿಟ್ಟಿನಲ್ಲಿ ಮಾಡಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ನಾನೇ ಕ್ಷಮಿಸಿಕೊಂಡಿರುತ್ತಿದ್ದೆ.

ಆಗ ಎರಡನೆಯ ಮಹಾಯುದ್ಧದ ಕಾಲ. ಹೈದರಾಬಾದಿನಲ್ಲಿ ಸಸ್ಯಶಾಸ್ತ್ರ ಓದಿ ಬಂದ ನನಗೆ ಅಫಜಲಪುರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಪಾಠವೆಲ್ಲ ಉರ್ದುವಿನಲ್ಲಿ, ರಜೆ ಶುಕ್ರವಾರ. ಗುರುವಾರ ಶಾಲೆ ಬಿಟ್ಟ ಕೂಡಲೇ ನಾನು ಗಿಡ ಹುಡುಕಲು ಹೊರಟುಬಿಡುತ್ತಿದ್ದೆ. ಹರಿಗೋಲಿನಲ್ಲಿ ಭೀಮಾ ದಾಟಿ ಜೇವರ್ಗಿಯ ದಿಕ್ಕಿಗೆ ನಡೆದರೆ ಕಲ್ಲುಗುಡ್ಡ, ಅದರ ಮೇಲೆ ಕುರುಚಲು ಅಡವಿ. ಬೇಸಿಗೆಯಲ್ಲಿ ನೋಡಿದವರು ಇಲ್ಲಿ ಜಾಲಿ, ಮುಳ್ಳು ಬಿಟ್ಟು ಏನಿದೆ ಎಂದು ನಗುತ್ತಾರೆ. ಶ್ರಾವಣದಲ್ಲಿ ಎರಡು ಮಳೆ ಹದವಾಗಿ ಬಿದ್ದರೆ ಮಾತ್ರ ಆ ಕಲ್ಲಿನ ಸಂದಿಗಳಿಂದ ಏನೇನೋ ತಲೆ ಎತ್ತುತ್ತಿದ್ದವು.

ಆ ಗಿಡವನ್ನು ನಾನು ಕಂಡುಹಿಡಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ನಿಜವಾಗಿ ತೋರಿಸಿದವಳು ಗುಡ್ಡದ ಬುಡದ ಹಟ್ಟಿಯಲ್ಲಿ ಕುರಿ ಕಾಯುವ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಗಂಡ ಸತ್ತು ಬಹಳ ಕಾಲವಾಗಿತ್ತು, ಇದ್ದವಳು ಒಬ್ಬಳೇ ಮಗಳು. ನಾನು ಮೊಣಕಾಲೂರಿ ನೆಲ ನೋಡುತ್ತ ಸಾಗುವುದನ್ನು ಕಂಡು ಅವಳಿಗೆ ನಗು ಬಂದಿತ್ತು.

"ಏನರ ಕಳಕೊಂಡೀರೇನ್ರಿ ಮಾಸ್ತರ್ರ?" ಎಂದು ಕೇಳಿದಳು.

"ಗಿಡ ನೋಡಾಕತ್ತೇನಿ," ಎಂದೆ.

"ಅಯ್ಯ, ಗಿಡ ನೋಡಾಕ ಯಾರರ ಊರ ಬಿಟ್ಟು ಬರ್ತಾರೇನು. ಬರ್ರಿ, ಹೂವಿಂದು ಒಂದು ತೋರಸ್ತೇನಿ."

ಒಂದು ಗೇಣಿನ ಗಿಡ. ಹುಲ್ಲಿನಂಥ ಎಲೆ. ಹೂವು ಮಾತ್ರ ನಾನು ಎಂದೂ ನೋಡದಂಥದು: ಬುಡ ಉಬ್ಬಿ, ಮೇಲೆ ಕೊಳವೆಯಾಗಿ, ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಅಂಟಿಕೊಂಡು, ಥೇಟ್ ಕೈಕಂದೀಲು. ಒಳಗೆಲ್ಲ ಕಂದು ಗೆರೆ, ಬಿಳಿ ಕೂದಲು. ಈ ಗುಂಪಿನ ಗಿಡಗಳನ್ನು ಪುಸ್ತಕದಲ್ಲಿ ನೋಡಿದ್ದೆ, ಈ ಗಿಡ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಇದು ಹಾಲಗಡ್ಡಿರಿ," ಎಂದಳು. "ಬಾಣಂತಿಗಿ ಹಾಲ ಬರ್ಲಿಲ್ಲಂದ್ರ ಗಡ್ಡಿ ಬೇಯಿಸಿ ತಿನ್ನಸ್ತೀವಿ."

ನಾನು ಹೂಂ ಅಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಎತ್ತರ, ಎಲೆಯ ಅಗಲ, ಹೂವಿನ ಉದ್ದ, ಕೂದಲಿನ ಬಣ್ಣ ಎಲ್ಲ ಇವೆ. ಅವಳು ಹೇಳಿದ ಈ ಮಾತು ಇಲ್ಲ. ಆ ದಿನ ಗುಡ್ಡದ ಮೇಲೆ ಕಣ್ಣಿಗೆ ಬಿದ್ದ ಹನ್ನೊಂದು ಗಿಡಗಳನ್ನು ಗಡ್ಡೆ ಸಮೇತ ಅಗೆದುಕೊಂಡು ಬಂದೆ. ಒಂದೊಂದು ಸಂಗ್ರಹಾಲಯಕ್ಕೆ ಒಂದೊಂದು ಮಾದರಿ ಬೇಕಲ್ಲ. "ಎಲ್ಲಾ ಕಿತ್ತೀರಲ್ಲರಿ," ಎಂದು ಅವಳು ಅಂದದ್ದು ನೆನಪಿದೆ. ಮುಂದಿನ ವರ್ಷ ಮತ್ತೆ ಬರುತ್ತವೆ ಬಿಡು ಎಂದು ನಾನೇ ಅವಳಿಗೆ ಪಾಠ ಹೇಳಿದೆ.

ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಬೀಸುವ ಕಲ್ಲು ಹೇರಿ, ದಿನಕ್ಕೊಂದು ಸಲ ಕಾಗದ ಬದಲಿಸಿ ಗಿಡಗಳನ್ನು ಒಣಗಿಸಿದೆ. ಮಳೆಗಾಲದ ತಂಪಿಗೆ ಬೂಜು ಹಿಡಿಯಬಾರದೆಂದು ಒಲೆಯ ಪಕ್ಕದಲ್ಲೇ ಇಟ್ಟಿದ್ದೆ, ಅದಕ್ಕಾಗಿ ಹೆಂಡತಿಯ ಜೊತೆ ದಿನಾ ಜಗಳ. ಕೊನೆಗೆ ಮುಂಬೈ ಪ್ರಾಂತದ ಒಬ್ಬ ಹಿರಿಯ ಸಸ್ಯಶಾಸ್ತ್ರಜ್ಞರಿಗೆ ಕಳಿಸಿದೆ. ಉತ್ತರ ಬರಲು ಎಂಟು ತಿಂಗಳು ಹಿಡಿಯಿತು. ಹೂವು ಹೊಸದೇ ಅನಿಸುತ್ತದೆ, ಆದರೆ ಮಾಗಿದ ಕಾಯಿ, ಬೀಜ ನೋಡದೆ ಹೊಸ ಪ್ರಭೇದವೆಂದು ವರ್ಣಿಸಬೇಡಿ ಎಂದು ಬರೆದಿದ್ದರು. ಇದನ್ನೇ ಹೋಲುವ ಇನ್ನೊಂದು ಗಿಡ ಇದೆಯಂತೆ, ಎರಡಕ್ಕೂ ಇರುವ ವ್ಯತ್ಯಾಸ ಕಾಯಿಯಲ್ಲೇ ತಿಳಿಯುವುದಂತೆ. ಹೊಸ ಗಿಡವೊಂದನ್ನು ಲೋಕಕ್ಕೆ ಹೇಳುವ ಭಾಗ್ಯ ಅಫಜಲಪುರದ ಮಾಸ್ತರನಿಗೆ ಬರುವುದೋ ಇಲ್ಲವೋ ಎಂಬುದು ಒಂದು ಕಾಯಿಯ ಮೇಲೆ ನಿಂತಿತು.

ಎರಡನೆಯ ಶ್ರಾವಣಕ್ಕೆ ಹೋದರೆ ಗುಡ್ಡವೆಲ್ಲ ಸುತ್ತಿದರೂ ಇದ್ದದ್ದು ಮೂರೇ ಗಿಡ. ಉಳಿದವುಗಳ ಗಡ್ಡೆ ನನ್ನ ಕಾಗದಗಳಲ್ಲಿ ಒಣಗಿದ್ದವು, ಇನ್ನು ಹೇಗೆ ಬಂದಾವು. ಕಾಯಿ ಮಾಗುವುದು ಕಾರ್ತಿಕದಲ್ಲಿ. ಅಲ್ಲಿಯ ತನಕ ಆಡು ಮೇಯದಂತೆ, ಯಾರೂ ಅಗೆಯದಂತೆ ಕಾಯಬೇಕು. ಆ ಕುರಿಯವಳು ಮುಳ್ಳು ಕಡಿದು ತಂದು ಬೇಲಿ ಹಾಕಿದಳು, ಕಾಯುತ್ತೇನೆ ಎಂದಳು. ನನಗೆ ಅಷ್ಟು ಸಾಲಲಿಲ್ಲ. ಭಂಡಾರ ಮುಟ್ಟಿ ಹೇಳು ಎಂದೆ.

ಆ ಹಟ್ಟಿಯವರ ದೇವರ ಅರಿಶಿನದ ಪುಡಿಯೇ ಭಂಡಾರ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ಅವರು ಪ್ರಾಣ ಹೋದರೂ ಮುರಿಯುವುದಿಲ್ಲ. ಮಾತು ಇಸಕೊಂಡವನೇ ಬಾಯಿಬಿಟ್ಟು "ಮಾತು ಬಿಟ್ಟೆ" ಎಂದು ಹೇಳಬೇಕು, ಆಗಲೇ ಬಿಡುಗಡೆ. ನಾನು ಹುಟ್ಟಿದ್ದು ಈ ಸೀಮೆಯಲ್ಲೇ, ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗಡ್ಡೆ ತಿಂದರೆ ಹಾಲು ಬರುತ್ತದೆ ಎಂಬುದನ್ನು ನಾನು ನಂಬಲಿಲ್ಲ, ಭಂಡಾರವನ್ನು ಮಾತ್ರ ನಂಬಿದೆ. ನನಗೆ ಬೇಕಾದದ್ದನ್ನು ನಂಬುವಷ್ಟು ಜಾಣ ನಾನು. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಸೊಂಟದ ಚೀಲದಿಂದ ಭಂಡಾರ ತೆಗೆದು, ಮೂರೂ ಗಿಡ ನಿಮ್ಮವು ಎಂದು ಹೇಳಿ ಹಣೆಗೆ ಹಚ್ಚಿಕೊಂಡಳು.

ಭಾದ್ರಪದದ ಒಂದು ಶುಕ್ರವಾರ ಅವಳು ನಮ್ಮ ಬಾಗಿಲಿಗೆ ಬಂದಳು. ಕಂಬಳಿ ಹೊದ್ದಿದ್ದರೂ ಮೈಯೆಲ್ಲ ತೊಯ್ದು ತಪ್ಪಡಿಯಾಗಿತ್ತು. ಹೊಳೆ ತುಂಬಿ ಹರಿಯುತ್ತಿದ್ದ ದಿನ, ಹರಿಗೋಲಿನವನನ್ನು ಹೇಗೆ ಒಪ್ಪಿಸಿದಳೋ. ಒಳಗೆ ಬಾ ಎಂದರೂ ಬರದೆ ಕಟ್ಟೆಯ ಮೇಲೇ ಕೂತಳು.

"ಮಗಳು ಹಡದಾಳ್ರಿ. ಗಂಡಸ ಕೂಸು. ಎದ್ಯಾಗ ಹಾಲ ಇಲ್ಲ," ಎಂದಳು. "ಒಂದ ಗಿಡಕ್ಕ ಮಾತ ಬಿಟ್ಟೇನಿ ಅನ್ರಿ. ಎರಡ ಇರ್ತಾವ ನಿಮಗ."

ಕಾಯಿ ಕಚ್ಚಿದೆಯಾ ಎಂದು ಕೇಳಿದೆ. ಹೌದು, ನನ್ನ ಮೊದಲ ಮಾತು ಅದು. ಇನ್ನೂ ಯಾವುದಕ್ಕೂ ಕಚ್ಚಿಲ್ಲ ಎಂದಳು. ಮೂರರಲ್ಲಿ ಯಾವುದಕ್ಕೆ ಕಾಯಿ ಬರುತ್ತದೋ ಯಾರಿಗೆ ಗೊತ್ತು, ಅಗೆದದ್ದೇ ಆ ಗಿಡವಾಗಿದ್ದರೆ? ಒಂದಕ್ಕೆ ಬಿಟ್ಟರೆ ಮೂರಕ್ಕೂ ಬಿಟ್ಟ ಹಾಗೆಯೇ ಎಂದು ಲೆಕ್ಕ ಹಾಕಿದೆ. ಅವಳು ಅಂಥವಳಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಹಾಗೆ ಲೆಕ್ಕ ಹಾಕಿದೆ.

"ಗಡ್ಡಿಯಿಂದ ಹಾಲ ಬರೂದಿಲ್ಲ, ಅದು ಬರೀ ನಂಬಿಕಿ," ಎಂದು ಮೆಲ್ಲಗೆ ತಿಳಿಸಿ ಹೇಳಿದೆ. "ಆಡಿನ ಹಾಲಿಗಿ ನೀರ ಬೆರಸಿ ಕುಡಸ್ರಿ. ಕೂಸಿಗಿ ಅದು ಸಾಕಾಗ್ತದ."

ಅವಳು ವಾದ ಮಾಡಲಿಲ್ಲ. ಇನ್ನೊಂದು ಸಲ ಕೇಳಿಕೊಳ್ಳಲೂ ಇಲ್ಲ. ನನ್ನ ಹೆಂಡತಿ ಒಳಗಿನಿಂದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಬೆಲ್ಲ ಕಟ್ಟಿ ತಂದು ಅವಳ ಮಡಿಲಿಗೆ ಹಾಕಿದಳು. ಬಂದವಳು ಹೋದ ಮೇಲೆ, "ಒಂದ ಗಿಡ ಬಿಟ್ಟಿದ್ರ ನಿಮ್ಮ ಗಂಟೇನ ಹೋಗ್ತಿತ್ತು?" ಎಂದು ಕೇಳಿದಳು. ನಿನಗೇನು ತಿಳಿಯುತ್ತದೆ ಎಂದು ಬಾಯಿ ಮುಚ್ಚಿಸಿದೆ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಮುಂದಿನ ಶುಕ್ರವಾರ ಹೋಗಿ ಮಾತು ಬಿಟ್ಟುಬರೋಣ ಅಂದುಕೊಂಡೆ. ಹೊಳೆ ಇಳಿದಿರಲಿಲ್ಲ. ಅದರ ಮುಂದಿನ ಶುಕ್ರವಾರ ಹೊಳೆ ಇಳಿದಿತ್ತು, ಆದರೆ ಮಕ್ಕಳ ಪರೀಕ್ಷೆಯ ಕಾಗದ ತಿದ್ದುವುದಿತ್ತು. ನೆವ ಬೇಕೆಂದವನಿಗೆ ನೆವಗಳಿಗೇನು ಬರ. ಹೀಗೇ ದಸರಾ ಕಳೆಯಿತು, ದೀಪಾವಳಿಯೂ ಕಳೆಯಿತು.

ಕಾರ್ತಿಕದಲ್ಲಿ ಅವಳೇ ಬಂದಳು. ಈ ಸಲವೂ ಶುಕ್ರವಾರ, ಮಧ್ಯಾಹ್ನ. ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಬಟ್ಟೆಯ ತುಂಡೊಂದನ್ನು ಹರವಿದಳು. ಅದರಲ್ಲಿ ಜೋಡಿ ಜೋಡಿಯಾಗಿ ಆರು ಕಾಯಿಗಳು, ಸೂಜಿಯಂತೆ ತೆಳ್ಳಗೆ, ನೇರಳೆ ಚುಕ್ಕೆಯವು. ಬಿರಿದು ಬೀಜ ಹಾರಿಹೋಗಬಾರದೆಂದು ಒಂದೊಂದು ಕಾಯಿಗೂ ಕಂಬಳಿಯ ನೂಲು ಸುತ್ತಿದ್ದಳು. ಮೂರೂ ಗಿಡಕ್ಕೆ ಕಾಯಿ ಬಂದಿದ್ದವು. ಒಂದು ಗಿಡ ಹೋಗಿದ್ದರೂ ನನಗೇನೂ ಕಡಿಮೆಯಾಗುತ್ತಿರಲಿಲ್ಲ.

"ಕೂಸು ಹ್ಯಾಂಗದ?" ಎಂದು ನನ್ನ ಹೆಂಡತಿ ಕೇಳಿದಳು. ಕೇಳಬೇಕಾದವನು ನಾನಾಗಿದ್ದೆ.

"ಇಲ್ರಿ. ಹದಿನೇಳ ದಿನ ಇತ್ತು," ಎಂದಳು. "ಮಾಸ್ತರ್ರು ಹೇಳಿದಂಗ ಆಡಿನ ಹಾಲಿಗಿ ನೀರ ಬೆರಸಿ ಕೊಟ್ಟಿವ್ರಿ. ದಕ್ಕಲಿಲ್ಲ."

ಹೆಂಡತಿ ಎದ್ದು ಒಳಗೆ ಹೋದಳು. ಬೇಲಿ ಕಿತ್ತು ಒಂದು ಗಡ್ಡೆ ತಗೊಂಡಿದ್ದರೆ ಯಾರು ನೋಡುತ್ತಿದ್ದರು, ಯಾಕೆ ತಗೊಳ್ಳಲಿಲ್ಲ ಎಂದು ಕೇಳಿಬಿಟ್ಟೆ. ತಪ್ಪು ಅವಳದೇ ಎನ್ನುವ ಹಾಗಿತ್ತು ನನ್ನ ದನಿ. ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೀವು ಬಿಟ್ಟಿರಲಿಲ್ಲಲ್ರಿ," ಎಂದಳು. ಕೋಪದಿಂದಲ್ಲ. ನನ್ನ ಶಾಲೆಯ ಮಕ್ಕಳಿಗೆ ನಾನು ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳಿದಳು. ಆಮೇಲೆ, "ಈಗ ಬಿಟ್ಟೆ ಅನ್ರಿ, ನಾ ಹೋಗ್ತೇನಿ. ಕುರಿ ಬಿಟ್ಟು ಬಂದೇನಿ," ಎಂದಳು.

ಬಿಟ್ಟೆ ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು. ಅವಳು ಕೈಮುಗಿದು ಎದ್ದು ಹೋದಳು.

ಹಾಲಗಡ್ಡೆ ತಿನ್ನಿಸಿದ್ದರೆ ಆ ಕೂಸು ಉಳಿಯುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ಬಹುಶಃ ಇಲ್ಲ. ಹಾಗೆಂದು ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆನೋ. ಆದರೆ ನಾನು ಬರೆಯಬೇಕೆಂದುಕೊಂಡದ್ದು ಅದನ್ನಲ್ಲ. ಅವಳು ಹೊಳೆಯ ದಾರಿ ಹಿಡಿದ ಮೇಲೆ ನಾನು ಬಾಗಿಲು ಹಾಕಿಕೊಂಡು, ಕಾಯಿಯೊಂದರ ನೂಲು ಬಿಚ್ಚಿ, ಬೆಳಕಿಗೆ ಹಿಡಿದು ಬಿರಿಸಿದೆ. ಬೀಜದ ಅಂಚು ಅಗಲವಾಗಿತ್ತು, ಕಾಯಿಯ ತುದಿ ಕೊಕ್ಕೆಯಾಗಿ ಬಾಗಿತ್ತು. ಆ ಇನ್ನೊಂದು ಗಿಡದ ಕಾಯಿ ಹೀಗಿರುವುದಿಲ್ಲ. ಗಿಡ ಹೊಸದು, ಅನುಮಾನವೇ ಇಲ್ಲ. ಲೇಖನಿ ಎತ್ತಿಕೊಂಡು ವರ್ಣನೆಯ ಮೊದಲ ಸಾಲು ಬರೆದೆ. ಒಳಗೆ ಹೆಂಡತಿ ಅಳುತ್ತಿರುವುದು ಕೇಳಿಸುತ್ತಿತ್ತು, ನಾನು ಅಳತೆಪಟ್ಟಿ ಹಿಡಿದು ಬರೆಯುತ್ತಲೇ ಇದ್ದೆ. ಆ ಮಧ್ಯಾಹ್ನ ನಾನು ಬಹಳ ಸಂತೋಷವಾಗಿದ್ದೆ.