ಅತ್ತೆಯ ಎಡಗೈ

ನಮ್ಮ ಅತ್ತೆಯ ಎಡಗೈಯಲ್ಲಿ ಹೆಬ್ಬೆಟ್ಟಿರಲಿಲ್ಲ. ನಾನು ಮಳವಳ್ಳಿಗೆ ಸೊಸೆಯಾಗಿ ಬರುವ ಮೊದಲೇ, ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕಿಕೊಂಡು ಹೋಗಿತ್ತು. ಆವತ್ತು ಓಡಿಬಂದು ಎತ್ತು ನಿಲ್ಲಿಸಿ, ತನ್ನ ಟವಲ್ಲು ಹರಿದು ಕೈಗೆ ಕಟ್ಟಿದವನು ಪಕ್ಕದ ಬೀದಿಯ ಬೆಲ್ಲದ ವ್ಯಾಪಾರಿ. ಅವನಿಲ್ಲದಿದ್ದರೆ ತೋಳೇ ಹೋಗುತ್ತಿತ್ತು.

ಆತ ಪುರಸಭೆಯ ಚುನಾವಣೆಗೆ ನಿಂತಾಗ ಅತ್ತೆ ಜಗಲಿ ಜಗಲಿಗೂ ಹೋಗಿ, ಆ ಕೈ ಎತ್ತಿ ತೋರಿಸಿ, "ನನ್ ತೋಳು ಉಳ್ಸಿದ ಮಗ ಕಣ್ರವ್ವಾ" ಎಂದು ಓಟು ಕೇಳಿದರು. ಗೆದ್ದ, ಅಧ್ಯಕ್ಷನೂ ಆದ. ಕೋಟು ಬಂತು, ಜಟಕಾ ಬಂತು. ನನಗೋ ಹಾಳು ಕುತೂಹಲ. ಸುಡುಬೇಸಿಗೆಯಲ್ಲೂ ಕೋಟು ಬಿಚ್ಚುವುದಿಲ್ಲವಲ್ಲ, ಬೆವರುವುದಿಲ್ಲವೇ ಈ ಮನುಷ್ಯನಿಗೆ!

ಯುದ್ಧದ ಕಾಲ, ಬಟ್ಟೆಗೆ ಬರ. ಬಡವರಿಗೆಂದು ಬಂದ ಸೀರೆ ಹಂಚುವುದು ಅಧ್ಯಕ್ಷನ ಕೈಲಿತ್ತು. ಅತ್ತೆ ಮೂರು ಸಲ ಹೋಗಿ ಬರಿಗೈಲಿ ಬಂದರು. ಅವರ ಸೀರೆಗೆ ತೇಪೆ ಹಾಕಿ ಹಾಕಿ ನನಗೆ ಸಾಕಾಗಿತ್ತು. ಸೀರೆಯೆಲ್ಲ ಮದ್ದೂರಿನ ಕಾಳಸಂತೆಗೆ ಹೋಯಿತೆಂದು ಯಾರೋ ಅರ್ಜಿ ಹಾಕಿದರು.

ಮಂಡ್ಯದಿಂದ ಬಂದ ಸಾಹೇಬರು ಮನೆಮನೆಗೂ ಪುಸ್ತಕ ಹಿಡಿದು ಬಂದರು. "ಸೀರೆ ತಗೊಂಡು ಎಡಗೈ ಹೆಬ್ಬೆಟ್ಟು ಒತ್ತಿದ್ದೀರಲ್ಲಮ್ಮ?" ನಾನು ಇಣುಕಿದೆ. ಅತ್ತೆಯ ಹೆಸರಿನ ಮುಂದೆ ದುಂಡಗೆ, ಕಪ್ಪಗೆ ಒಂದು ಹೆಬ್ಬೆಟ್ಟು! ಕಿಸಕ್ಕನೆ ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡು, ಹೌದೆಂದು ತಲೆಯಾಡಿಸಿದರು.

ಸಾಹೇಬರು ಹೋದಮೇಲೆ ನನಗೆ ಮೈಯೆಲ್ಲ ಉರಿಯಿತು. "ಅರಕಲು ಉಟ್ಕೊಂಡು ಅವನ್ನ ಕಾಪಾಡ್ತೀರಲ್ಲತ್ತೆ!"

"ತೋಳು ಉಳ್ಸಿದೋನು ಕಣೆ, ಸುಮ್ಕಿರು" ಎಂದರು. ಆದರೆ ಅವತ್ತಿನಿಂದ ಒಲೆ ಮುಂದೆ ಕೂತು ತಮ್ಮ ಕೈಯನ್ನೇ ತಿರುಗಿಸಿ ನೋಡುತ್ತಿದ್ದರು.

ಮೊಕದ್ದಮೆ ನಡೆದಾಗ ತನ್ನ ಪರವಾಗಿ ಸಾಕ್ಷಿ ಹೇಳಲು ಅಧ್ಯಕ್ಷನೇ ಅತ್ತೆಯನ್ನು ಕರೆಸಿದ. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ ಮಂಡ್ಯಕ್ಕೆ ಹೋದೆವು. ಅತ್ತೆ ಕಟಕಟೆ ಹತ್ತಿ, ವಕೀಲರು ಬಾಯಿ ತೆರೆಯುವ ಮೊದಲೇ ಓಟು ಕೇಳಿದ ಹಾಗೆಯೇ ಕೈ ಎತ್ತಿ ಹಿಡಿದರು.

"ಈ ಕೈಗೆ ಟವಲ್ ಕಟ್ಟಿದೋನು ನೀನೇ. ನನ್ನೆಸ್ರಿಗೆ ಎಬ್ಬೆಟ್ಟು ಒತ್ತಿಸ್ವಾಗ ಇದು ಗ್ಯಾಪ್ಕ ಬರ್ನಿಲ್ವೇನಪ್ಪಾ?"

ಆತ ಆ ಕೈಯನ್ನು ನೋಡುತ್ತಲೇ ನಿಂತ. ಕೋಟಿನ ಕಂಕುಳು ಒದ್ದೆಯಾಗಿತ್ತು.

"ಮರ್ತೋಗಿತ್ತು ಕಣವ್ವಾ" ಎಂದುಬಿಟ್ಟ.

ಅವನಿಗೆ ಶಿಕ್ಷೆಯಾಯಿತು. ಬಸ್ಸಿನಲ್ಲಿ ಮರಳುವಾಗ ಅತ್ತೆಗೆ ಅಳು ತಡೆಯಲಾಗಲಿಲ್ಲ.

"ಅಷ್ಟೊಂದು ಸುಳ್ಳು ಯೋಳಿದೋನು" ಎಂದರು, "ಅದೊಂದ್ಕಾದ್ರೂ ಸುಳ್ಳು ಯೋಳ್ಬೋದಿತ್ತಲ್ಲೇ."