ಮುದ್ದೆಯ ಕಾವಲು

ಪಿರಿಯಾಪಟ್ಟಣದಲ್ಲಿ ನಮ್ಮ ಎದುರುಮನೆಯಾಕೆ ಹೊಗೆಸೊಪ್ಪು ವಿಂಗಡಿಸುವ ಕೆಲಸ ಮಾಡುತ್ತಿದ್ದರು. ಅವರಿಗೆ ಎರಡು ನಾಯಿಗಳಿದ್ದವು, ದಪ್ಪಗಿನ ಕರಿಯ ಮತ್ತು ಪಕ್ಕೆಲುಬು ಕಾಣುವ ಕೆಂಪಿ. ಪ್ರತಿ ಸೋಮವಾರ ಅವನ್ನು ಒಂದೊಂದಾಗಿ ಗೋಣಿತಾಟಿನಲ್ಲಿ ಕೂರಿಸಿ, ಸೊಪ್ಪು ತೂಗುವ ಕೊಕ್ಕೆ ತಕ್ಕಡಿಗೆ ತೂಗುಹಾಕುತ್ತಿದ್ದರು. ತೂಕದಲ್ಲಿ ಕರಿಯ ಏರುತ್ತಲೇ ಇದ್ದ, ಕೆಂಪಿ ಇಳಿಯುತ್ತಲೇ ಇದ್ದಳು.

ಕೆಂಪಿಗೆ ಕಾಯಿಲೆಯೇನಿಲ್ಲ, ಆದರೆ ಹೀಗೇ ಇಳಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಕರಿಯನಿಗೆ ಅರ್ಧ ಮುದ್ದೆ, ಕೆಂಪಿಗೆ ಒಂದೂವರೆ. ನಡುವೆ ಹುಣಸೆ ಕೋಲು ಹಿಡಿದು ಎದುರುಮನೆಯಾಕೆ ಕಾವಲು ಕೂರುತ್ತಿದ್ದರು. ಕರಿಯ ಕತ್ತು ಚಾಚಿದರೆ ಕೋಲನ್ನು ನೆಲಕ್ಕೆ ಬಡಿದು, "ಅವ್ಳದು ಅವ್ಳಿಗೆ ಕಣ್ಲಾ! ನಿನ್ ಒಟ್ಟೆ ನೋಡ್ಕೊ!" ಎನ್ನುತ್ತಿದ್ದರು. ಆದರೂ ಕೆಂಪಿ ನಾಲ್ಕು ತುತ್ತಿಗೇ ಎದ್ದುಹೋಗುತ್ತಿದ್ದಳು. ಅವರು ಕೈತೊಳೆಯಲು ಒಳಹೋದಾಗ ಉಳಿದದ್ದು ಕರಿಯನ ಪಾಲಾಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಹೇಳಿದೆ: "ಅಕ್ಕ, ಕೋಲು ಬಡಿದ್ರೆ ಕರಿಯ ಅಲ್ಲಾಡಲ್ಲ. ಬೆಚ್ಚೋದು ಕೆಂಪಿ."

"ಅವ್ಳಿಗ್ಯಾಕಪ್ಪ ಎದ್ರಿಕೆ? ಅವ್ಳಿಗೋಸ್ಕರ ತಾನೆ ನಾನಿದ ಇಡ್ಕಂಡಿರೋದು!"

ಮತ್ತೊಮ್ಮೆ ಬಡಿದರು, ಈ ಸಲ ಕೆಂಪಿಯನ್ನೇ ನೋಡುತ್ತ. ಅವಳ ಬಾಲ ಹೊಟ್ಟೆಯಡಿ ಸೇರಿತು. ಅವರು ಕೋಲನ್ನು ಒಲೆಗೆ ಹಾಕಿದರು.

ಮರುದಿನ ಕರಿಯನನ್ನು ಹಿತ್ತಲಲ್ಲಿ ಕಟ್ಟಿ, ಕೆಂಪಿಗೆ ಮುದ್ದೆಯಿಟ್ಟು, ತಾವು ಗೋಡೆಗೆ ಮುಖ ಮಾಡಿ ಕೂತರು.

"ನಾ ತಿರುಗಿದ್ರೆ ಎದ್ದೋಯ್ತಾಳೆ. ನೀನೇ ನೋಡಪ್ಪ, ತಿಂತಾವ್ಳಾ?" ಎಂದು ಪಿಸುಗುಟ್ಟಿದರು.

ನಾನು ಉತ್ತರ ಕೊಡುವ ಮೊದಲೇ ಕೆಂಪಿ ಖಾಲಿ ತಟ್ಟೆಯನ್ನು ನೆಕ್ಕುತ್ತ, ನೆಲದ ಮೇಲೆ ಅದನ್ನು ತಳ್ಳಿಕೊಂಡು, ಅವರ ಬೆನ್ನಿನವರೆಗೂ ಬಂದುಬಿಟ್ಟಿದ್ದಳು.