ಮಾದಿಹಳ್ಳಿಯ ಹಸುವಿಗೊಂದು ವಕಾಲತ್ತು

ಕಳೆದ ತಿಂಗಳು ಮಾದಿಹಳ್ಳಿಯಲ್ಲಿ ನಾನು ಒಂದು ಹಸುವಿನ ಪರ ವಾದ ಮಾಡಿದೆ. ಗೆದ್ದೆ. (ಕರಿ ಕೋಟು ಹಾಕದವಳು ಕೇಸು ಗೆದ್ದರೆ ಸ್ವಲ್ಪ ಜಂಬ ಬರುತ್ತದೆ, ಸಹಿಸಿಕೊಳ್ಳಿ.)

ಹಸುವಿನ ಹೆಸರು ಚಂದ್ರಿ. ಮೈಯೆಲ್ಲ ಕಪ್ಪು, ಹಣೆಯಲ್ಲಿ ಬಿಳಿ ಬೊಟ್ಟು. ಸಾಕಿದವಳು ನನ್ನ ಚಿಕ್ಕಮ್ಮನ ಮಗಳು ಶಶಿಕಲಾ. ಆರೋಪ ಏನು ಗೊತ್ತೇ? ಶಶಿಗೆ ಕಾಯಿಲೆ ಅಂಟಿಸಿದ್ದು ಇದೇ ಹಸು ಅಂತ. ಶಿಕ್ಷೆಯೂ ತೀರ್ಮಾನವಾಗಿ ಹೋಗಿತ್ತು. ಹಗರೆಯಿಂದ ಗಿರಾಕಿ ಬರುವವನಿದ್ದ, ಹಗ್ಗ ಅವನ ಕೈಗೆ ಕೊಡುವುದೊಂದು ಬಾಕಿ.

ಮೊದಲಿನಿಂದ ಹೇಳುತ್ತೇನೆ ಕೇಳಿ.

ಹಳೇಬೀಡಿನಲ್ಲಿ ಹೆಂಗಸರಿಗೆಂದು ಒಂದು ಹೆಲ್ತ್ ಕ್ಯಾಂಪ್ ನಡೆಯಿತು. ಸಂಘದ ಹೆಂಗಸರ ಜೊತೆ ಶಶಿಯೂ ಹೋಗಿ ಗರ್ಭಕೋಶದ ಬಾಯಿಯ ಟೆಸ್ಟಿಗೆ ಸ್ಯಾಂಪಲ್ ಕೊಟ್ಟು ಬಂದಳು. ರಿಪೋರ್ಟ್ ಬಂತು. ಎಚ್‌ಪಿವಿ ಪಾಸಿಟಿವ್. ಪೂರ್ತಿ ಹೆಸರು ಹ್ಯೂಮನ್ ಪ್ಯಾಪಿಲೋಮ ವೈರಸ್. ಇದು ಕ್ಯಾನ್ಸರ್ ಅಲ್ಲ, ಆದರೆ ನಿರ್ಲಕ್ಷಿಸಿದರೆ ಮುಂದೆಂದೋ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲ ಬಗೆಯದು, ಹಾಸನಕ್ಕೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರು.

ಅದೇ ಹೊತ್ತಿಗೆ ಚಂದ್ರಿಯ ಮೊಲೆತೊಟ್ಟಿನ ಮೇಲೆ ನರುಳ್ಳೆ ಎದ್ದವು. (ನಿಮ್ಮ ಕಡೆ ನರಹುಲಿ ಅನ್ನಬಹುದು. ಚರ್ಮದ ಮೇಲೆ ಏಳುವ ಗಂಟು.) ದನದ ಡಾಕ್ಟರು ಬಂದು ನೋಡಿ, ಇದು ಒಂಥರಾ ಪ್ಯಾಪಿಲೋಮ ವೈರಸ್, ಗಾಬರಿ ಬೇಡ, ಈ ಹಸುವಿನ ಹಾಲನ್ನು ಕೊನೆಗೆ ಕರೆಯಿರಿ, ಇಲ್ಲದಿದ್ದರೆ ಪಕ್ಕದ ಹಸುವಿಗೂ ಹತ್ತುತ್ತದೆ ಎಂದರು.

ಶಶಿಯ ಅತ್ತೆ ಗಂಗಮ್ಮನವರ ಕಿವಿ ನೆಟ್ಟಗಾಯಿತು. ಸೊಸೆಯ ವೈರಸ್ಸೂ ಅದೇ, ಹಸುವಿನದೂ ಅದೇ. ದಿನಾ ಹಾಲು ಕರೆಯುವವಳು ಯಾರು? ಸೊಸೆ. ಇನ್ನೇನು ಬೇಕು ಸಾಕ್ಷಿ?

ಗಂಗಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ನಮ್ಮ ಕಡೆ ನರುಳ್ಳೆಗೆ ಒಂದು ಹರಕೆ ಉಂಟು. ಒಂದು ಹಿಡಿ ಉಪ್ಪು, ಒಂದು ಚೂರು ಬೆಲ್ಲ ಕಲ್ಯಾಣಿಗೆ ಹಾಕಬೇಕು. ಅದು ನೀರಿನಲ್ಲಿ ಕರಗಿದ ಹಾಗೆ ಇದೂ ಕರಗುತ್ತದೆ. ಹಾಕಿದ ಮೇಲೆ ತಿರುಗಿ ನೋಡದೆ ಮನೆಗೆ ಬರಬೇಕು, ನೋಡಿದರೆ ಹರಕೆ ಕೆಟ್ಟಿತು. ಗಂಗಮ್ಮ ಹಸುವಿಗೊಂದು, ಸೊಸೆಗೊಂದು ಅಂತ ಎರಡು ಪೊಟ್ಟಣ ಹಾಕಿ ತಿರುಗಿ ನೋಡದೆ ಬಂದರು. ಇನ್ನು ಹಸು ಹಟ್ಟಿ ಬಿಟ್ಟರೆ ಕಾಯಿಲೆಯೂ ಮನೆ ಬಿಟ್ಟ ಹಾಗೆ ಎಂದು ಸಾರಿದರು. ಹಾಸನದ ಪರೀಕ್ಷೆ? ಹಸು ಹೋದ ಮೇಲೆ ಅದು ಯಾಕಂತೆ!

ಇಷ್ಟನ್ನೂ ಶಶಿಯ ಗಂಡ ಮಹೇಶ ಫೋನಿನಲ್ಲಿ ನನಗೆ ಸಂತೋಷದಿಂದ ಹೇಳಿದ. ಹಸು ಹೋದರೆ ಹೋಗಲಿ, ಇವಳು ಹಾಸನಕ್ಕೆ ಹೋಗದಿದ್ದರೆ ಗತಿಯೇನು?

ಅದೃಷ್ಟಕ್ಕೆ ನನ್ನ ಅಣ್ಣನ ಮಗಳು ರಶ್ಮಿ ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದಳು. ಮೈಸೂರಿನ ಒಂದು ಲ್ಯಾಬಿನಲ್ಲಿ ಅವಳ ಕೆಲಸವೇ ವೈರಸ್ಸುಗಳ ಡಿಎನ್‌ಎ ಓದುವುದು. ಕೇಳಿದೆ. ಲ್ಯಾಪ್‌ಟಾಪ್ ತೆರೆದು ಕೂತಳು.

ಅವಳು ಹೇಳಿದ್ದು ಇಷ್ಟು. ಈ ವೈರಸ್ಸಿನೊಳಗೆ ಸುಮಾರು ಎಂಟು ಸಾವಿರ ಅಕ್ಷರದ ಒಂದು ಬರಹ ಇರುತ್ತದೆ. ಬಳಕೆಯಲ್ಲಿರುವುದು ನಾಲ್ಕೇ ಅಕ್ಷರ, ಅವೇ ಹಿಂದೆಮುಂದೆ ಬರುತ್ತವೆ. ಮನುಷ್ಯರದು, ದನದ್ದು, ನಾಯಿಯದು, ಹಕ್ಕಿಯದು ಅಂತ ಜಗತ್ತಿನ ಲ್ಯಾಬ್‌ಗಳವರು ಈ ಬರಹಗಳನ್ನು ಓದಿ, ಯಾರು ಬೇಕಾದರೂ ನೋಡಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಪುಣ್ಯಾತ್ಮರು!

ಪರದೆಯ ಮೇಲೆ ಮನುಷ್ಯರದು ಮೇಲೆ, ಹಸುವಿನದು ಕೆಳಗೆ ಬಂತು. ಒಂದೇ ಥರ ಇರುವ ಕಡೆ ಹಸಿರು, ಬೇರೆ ಇರುವ ಕಡೆ ಕೆಂಪು. ಅಲ್ಲಲ್ಲಿ ಹಸಿರು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೆಂಪೇ ಜಾಸ್ತಿ. ಮುತ್ತಾತನ ಮುತ್ತಾತನ ಕಾಲದಲ್ಲಿ ಭಾಗವಾಗಿ ಹೋದ ದಾಯಾದಿಗಳ ಹಾಗೆ. ಮನೆತನ ಒಂದೇ, ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಹಸುವಿನ ವೈರಸ್ ಹಸುವಿನ ಚರ್ಮಕ್ಕೆ ಒಗ್ಗಿದ್ದು. ಅಪರೂಪಕ್ಕೆ ಕುದುರೆ, ಕತ್ತೆಗೆ ಕಾಟ ಕೊಡಬಹುದಂತೆ. (ನರುಳ್ಳೆಗೆ ಕುದುರೆ ಬಾಲದ ಕೂದಲು ಕಟ್ಟುವವರು ನಾವು. ಪಾಪ, ಕುದುರೆಯೇ ಹೆದರಬೇಕಿತ್ತು!)

‘ಮನುಷ್ಯರಿಗೆ?’ ಎಂದೆ.

‘ಇಲ್ಲ ಅತ್ತೆ. ಶಶಿ ಅತ್ತೆಯ ಟೆಸ್ಟ್ ಹುಡುಕಿದ್ದೇ ಮನುಷ್ಯರ ವೈರಸ್ಸಿನ ಅಕ್ಷರಗಳನ್ನ. ಹಸುವಿನದಾಗಿದ್ರೆ ಅದಕ್ಕೆ ಸಿಕ್ತಾನೇ ಇರ್ಲಿಲ್ಲ.’

ಆಹಾ, ಕೇಸು ಮುಗಿಯಿತು ಅಂದುಕೊಂಡೆ. ಭಾನುವಾರ ಬೆಳಗಿನ ಬಸ್ಸು ಹತ್ತಿ ರಶ್ಮಿಯನ್ನೂ ಕರೆದುಕೊಂಡು ಹೊರಟೆ.

ಶಶಿ ಹಟ್ಟಿಯಲ್ಲಿದ್ದಳು. ವಿಷಯ ಹೇಳಿದರೆ ಕುಣಿದಾಡುತ್ತಾಳೆ ಅಂತ ನನ್ನ ಲೆಕ್ಕ. ಅವಳು ಚಂದ್ರಿಯ ಕತ್ತು ಸವರುತ್ತಾ ನೆಲ ನೋಡಿದಳು.

‘ಹಸುನೇ ಅಂದ್ಕಳ್ಳಿ ಬಿಡಕ್ಕ. ಹಸುವಿಂದ ಅಲ್ಲ ಅಂದ್ರೆ, ಮತ್ಯಾರಿಂದ ಅಂತ ಕೇಳ್ತಾರೆ. ಆಗ ನಾನೇನ್ ಹೇಳ್ಲಿ?’

ಈ ವೈರಸ್ ಹೆಚ್ಚಾಗಿ ಹತ್ತುವುದು ಗಂಡು ಹೆಣ್ಣಿನ ಸಂಬಂಧದಿಂದ. ಯಾಕೆ ಹೊಳೆಯಲಿಲ್ಲ ನನಗೆ? ಹಾಲು ಕೊಡುವ ಹಸುವನ್ನು ಕಳೆದುಕೊಳ್ಳಲು, ಪರೀಕ್ಷೆಯನ್ನೇ ಬಿಡಲು ಇವಳು ಯಾಕೆ ತಯಾರಾಗಿದ್ದಳು ಅಂತ ಆಗ ತಿಳಿಯಿತು. ತನ್ನ ಮಾನ ಉಳಿಸಿದ್ದು ಆ ಮೂಕಪ್ರಾಣಿ ಎಂದು ಅವಳು ನಂಬಿದ್ದಳು. ಅಳು ಬಂತು ನನಗೆ, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಬಂದರೆ ನನ್ನ ವಾದ ಚೆನ್ನಾಗಿರುತ್ತದೆ.

ರಶ್ಮಿಯನ್ನು ಬದಿಗೆ ಕರೆದು, ಯಾರಿಂದ ಬಂತು ಅಂತ ನಿನ್ನ ಅಕ್ಷರಗಳು ಹೇಳುತ್ತವೆಯೇ ಎಂದು ಕೇಳಿದೆ. ಇಲ್ಲವಂತೆ. ಇಂಥ ರಿಪೋರ್ಟಿನಲ್ಲಿ ತಿಳಿಯುವುದು ಯಾವ ಬಗೆಯದು ಎನ್ನುವುದಷ್ಟೆ. ಯಾರಿಂದ, ಯಾವಾಗ ಅನ್ನುವುದು ತಿಳಿಯುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಹುದು. ಸಂಸಾರ ಮಾಡುವವರಲ್ಲಿ ಹೆಚ್ಚಿನವರಿಗೆ, ಗಂಡಾಗಲಿ ಹೆಣ್ಣಾಗಲಿ, ಎಂದಾದರೊಮ್ಮೆ ಬಂದು ಹೋಗಿರುತ್ತದೆ. ಬಹಳಷ್ಟು ಜನರಿಗೆ ತಾನಾಗಿ ವಾಸಿಯಾಗುತ್ತದೆ. ಉಳಿದುಕೊಂಡಿದೆಯೇ ಅಂತ ನೋಡಿಕೊಳ್ಳಬೇಕು, ಅದೊಂದೇ ಮುಖ್ಯ.

ಜಗಲಿಗೆ ಬಂದೆ. ಗಂಗಮ್ಮ ಎಲೆ ಅಡಿಕೆ ಹಾಕುತ್ತಿದ್ದರು, ಮಹೇಶ ಕಂಬಕ್ಕೆ ಒರಗಿ ಕೂತಿದ್ದ. ಲ್ಯಾಪ್‌ಟಾಪಿನ ಹಸಿರು ಕೆಂಪು ತೋರಿಸಿದೆ, ದಾಯಾದಿಗಳ ಮಾತು ಹೇಳಿದೆ, ಹಸು ನಿರಪರಾಧಿ ಎಂದೆ. ಗಂಗಮ್ಮ ಅಗಿಯುವುದನ್ನು ನಿಲ್ಲಿಸಿದರು.

‘ಹಂಗಾದ್ರೆ ಎಲ್ಲಿಂದ ಬಂತವ್ವ ಇದು?’

ಬಂತಲ್ಲ ಆ ಪ್ರಶ್ನೆ! ಶಶಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ಅದನ್ನು ಎಂಟು ಸಾವಿರ ಅಕ್ಷರ ಓದಿದವರೂ ಹೇಳಲಾರರು, ನೀವು ಹೇಳುತ್ತೀರಾ ಎಂದು ಕೇಳಿದೆ. ನಮಗೆಲ್ಲರಿಗೂ ಎಂದಾದರೂ ಬಂದಿರಬಹುದಾದದ್ದು, ಇವಳು ಟೆಸ್ಟ್ ಮಾಡಿಸಿದ್ದಕ್ಕೆ ಗೊತ್ತಾಯಿತು, ಮಾಡಿಸದವರಿಗೆ ಗೊತ್ತಾಗಿಲ್ಲ ಎಂದೆ. ನಿಮ್ಮ ಹರಕೆಗೆ ನನ್ನ ತಕರಾರಿಲ್ಲ, ಉಪ್ಪು ಹಾಕಿ ಬಿಡಿ, ಆದರೆ ತಿರುಗಿ ನೋಡಬಾರದು ಅನ್ನುತ್ತೀರಲ್ಲ, ಇದರಲ್ಲಿ ತಿರುಗಿ ನೋಡಲೇಬೇಕು ಎಂದೆ. ಕರಗಿತೋ ಇಲ್ಲವೋ ನೋಡಲಿಕ್ಕೆ ತಾನೇ ಹಾಸನಕ್ಕೆ ಕರೆದದ್ದು?

ಗಂಗಮ್ಮ ಎದ್ದು ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದರು. ಆಮೇಲೆ ರಶ್ಮಿಯ ಕಡೆ ತಿರುಗಿ, ಸೊಸೆಯ ಕಿವಿಗೂ ಬೀಳುವಂತೆ ಮೆಲ್ಲಗೆ ಕೇಳಿದರು.

‘ನಂಗೂ ಬಂದಿತ್ತೇನೋ ಅಲ್ವೇನವ್ವ?’

ಬಂದಿರಬಹುದು ಅಜ್ಜಿ ಎಂದಳು ರಶ್ಮಿ. ಬಾಗಿಲ ಮರೆಯಿಂದ ಶಶಿ ಜಗಲಿಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಹಗರೆಯ ಗಿರಾಕಿಗೆ ಬರಬೇಡಿ ಎಂದು ಮಹೇಶ ಫೋನ್ ಮಾಡಿದ. (ಹಾಲು ಕರೆದ ಮೇಲೆ ಕೈ ಮಾತ್ರ ಸೋಪು ಹಾಕಿ ತೊಳೆಯಿರಿ, ಕೆಚ್ಚಲಿನ ಬೇರೆ ಕೆಲವು ಕಾಯಿಲೆ ಕೈಗೆ ಹತ್ತುತ್ತವೆ ಎಂದು ರಶ್ಮಿ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ.)

ಮುಂದಿನ ವಾರ ಶಶಿ ಹಾಸನಕ್ಕೆ ಹೋಗಿ ಬಂದಳು. ಸದ್ಯಕ್ಕೆ ಹೆದರುವಂಥದ್ದೇನೂ ಕಾಣಲಿಲ್ಲ, ವರ್ಷ ಬಿಟ್ಟು ಮತ್ತೆ ಬನ್ನಿ ಎಂದರಂತೆ. ಎಲ್ಲಿಂದ ಬಂತು ಅಂತ ಡಾಕ್ಟರು ಕೇಳಿದರಾ ಎಂದೆ. ಕೇಳಲೇ ಇಲ್ಲವಂತೆ. ಚಂದ್ರಿಯ ನರುಳ್ಳೆಗಳೂ ಒಣಗುತ್ತಿವೆ. ಅದರ ಕೀರ್ತಿ ಉಪ್ಪಿಗೆ ಸೇರಿದೆ, ಸೇರಲಿ.

ನಾನು ಗೆದ್ದಿದ್ದೇನೆ, ಸಂಶಯವಿಲ್ಲ. ಆದರೂ ಬಸ್ಸಿನಲ್ಲಿ ಬರುವಾಗ ಹತ್ತಿದ ಒಂದು ಯೋಚನೆ ಇನ್ನೂ ಬಿಟ್ಟಿಲ್ಲ. ಆ ಮನೆಯಲ್ಲಿ ಮೊದಲು ಹಸುವಿನ ಮೇಲೆ ಅನುಮಾನ ಬಂತು. ಹಸು ಅಲ್ಲ ಅಂದ ಕೂಡಲೇ ಎಲ್ಲರ ಕಣ್ಣೂ ಬಾಗಿಲ ಮರೆಗೆ ಹೋಯಿತು. ಕಂಬಕ್ಕೆ ಒರಗಿ ಕೂತಿದ್ದವನ ಕಡೆ ಯಾರಾದರೂ ನೋಡಿದರೇ?